ಒಳಗೆ ಎಂಟು ಹತ್ತು, ಹೊರಗೆ ಎಂಟು ಹತ್ತು

ಹಾಜರಿ ಗುಮಾಸ್ತರು ತಮ್ಮ ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಒಂದೇ ಒಂದು ಸಲ ಯೋಚನೆ ಮಾಡದೆ ಬಾಯಿ ಬಿಟ್ಟರು. ಆ ಒಂದು ಸಲಕ್ಕೆ ಒಂದು ಗುಡ್ಡ, ಒಂದು ಕಾಡು, ಒಂದು ಜಲಪಾತ, ಒಬ್ಬರು ಅತ್ತೆ, ಇಷ್ಟೂ ಸೇರಿ ಅವರ ತಲೆಯ ಮೇಲೆ ಬಂದು ಕೂತವು.

ಆದದ್ದು ಇಷ್ಟು. ನೀರು ಸರಬರಾಜು ಕಚೇರಿಗೆ ಹೊಸ ಸಾಹೇಬರು ಬಂದರು. ಮೊದಲ ದಿನವೇ ಚಹಾದ ಹೊತ್ತಿನಲ್ಲಿ ಎದೆಯುಬ್ಬಿಸಿ, "ನಾನು ರಜಾ ದಿನ ಮನೇಲಿ ಕೂರೋನಲ್ಲ. ಬೆಳಗ್ಗೆ ವನಧಾಮಕ್ಕೆ ಹೋಗಿ, ಜಲಪಾತ ದಾಟಿ, ಗುಡ್ಡದ ತುದಿ ಮುಟ್ಟಿ, ಸಂಜೆಗೆ ಇಳೀತೀನಿ. ನಿಮ್ಮಲ್ಲಿ ಯಾರಾದ್ರೂ ಹತ್ತಿದ್ದೀರೇನ್ರೀ?" ಎಂದು ಕೇಳಿದರು. ಹನ್ನೊಂದು ಜನ ತಮ್ಮ ತಮ್ಮ ಲೋಟದೊಳಗೆ ನೋಡಿದರು. ಗುಮಾಸ್ತರ ಲೋಟ ಖಾಲಿಯಾಗಿತ್ತು, ಅದರಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ತಲೆ ಎತ್ತಿ, "ಪ್ರತಿ ಭಾನುವಾರ ಹತ್ತುತ್ತೀನಿ ಸಾರ್" ಎಂದುಬಿಟ್ಟರು.

"ಭೇಷ್! ಹಾಗಿದ್ರೆ ಸೋಮವಾರ ಬಂದು ಹೇಳಿ, ಮೇಲೆ ಗಾಳಿ ಹೇಗಿತ್ತು ಅಂತ."

ಕಚೇರಿ ಇದ್ದದ್ದು ಎರಡನೆಯ ಮಹಡಿಯಲ್ಲಿ. ಮೂವತ್ತನಾಲ್ಕು ಮೆಟ್ಟಿಲು. ಹದಿನೇಳನೆಯ ಮೆಟ್ಟಿಲಿನ ಬಳಿ ಗುಮಾಸ್ತರು ಒಂದು ಕುರ್ಚಿ ಹಾಕಿಸಿ ಅದಕ್ಕೆ 'ಸಾರ್ವಜನಿಕರಿಗಾಗಿ' ಎಂಬ ಚೀಟಿ ಅಂಟಿಸಿದ್ದರು. ಅದರಲ್ಲಿ ಕೂತ ಸಾರ್ವಜನಿಕರು ಅವರೊಬ್ಬರೇ.

ಇನ್ನು ಅವರ ಕೆಲಸದ ವಿಚಾರ ಒಂದೆರಡು ಮಾತಿನಲ್ಲಿ ಹೇಳಲೇಬೇಕು, ಮುಂದಿನ ಅನಾಹುತವೆಲ್ಲ ಅಲ್ಲಿಂದಲೇ ಹುಟ್ಟಿದ್ದು. ಹಾಜರಿ ಪುಸ್ತಕದಲ್ಲಿ ಎರಡು ಕಾಲಮ್ಮು, ಬಂದದ್ದು ಮತ್ತು ಹೋದದ್ದು. ಆ ಕಚೇರಿಯಲ್ಲಿ ಎಲ್ಲರೂ ಎರಡೂ ಕಾಲಮ್ಮಿಗೆ ಬೆಳಗ್ಗೆಯೇ ಸಹಿ ಹಾಕುತ್ತಿದ್ದರು. ಸಂಜೆ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಯಾರಾದರೂ ಸಹಿ ಮರೆತರೆ ದಾಖಲೆ ಕೆಡುತ್ತದೆಯೆಂದು ಯಾರೋ ಪುಣ್ಯಾತ್ಮರು ಹಾಕಿಕೊಟ್ಟ ಪದ್ಧತಿ ಅದು. ಗುಮಾಸ್ತರು ಅದನ್ನು ಭಕ್ತಿಯಿಂದ ನಡೆಸಿಕೊಂಡು ಬಂದಿದ್ದರು. ಅವರ ಪುಸ್ತಕದಲ್ಲಿ ಒಂದು ಚೌಕವೂ ಖಾಲಿ ಇರಲಿಲ್ಲ. "ಪುಸ್ತಕದಲ್ಲಿ ಇದ್ರೆ ಇದೆ, ಇಲ್ಲ ಅಂದ್ರೆ ಇಲ್ಲ" ಎನ್ನುವುದು ಅವರ ಏಕವಾಕ್ಯ ವೇದಾಂತ. ಒಮ್ಮೆ ಎದುರಿಗೇ ಕೂತು ಕೆಲಸ ಮಾಡುತ್ತಿದ್ದ ಟೈಪಿಸ್ಟು ಸಹಿ ಹಾಕಿಲ್ಲವೆಂದು ಅವನನ್ನು ಗೈರುಹಾಜರಿ ಎಂದು ಬರೆದು, ಆ ನೋಟೀಸನ್ನು ಅವನ ಕೈಯಲ್ಲೇ ಟೈಪು ಮಾಡಿಸಿದ್ದರು.

ಭಾನುವಾರ ಬಂತು. ಗುಮಾಸ್ತರು ಬುತ್ತಿ ಡಬ್ಬಿ ಚೀಲಕ್ಕೆ ಹಾಕಿಕೊಂಡರು. ಅವರ ಹೆಂಡತಿ ಬಟ್ಟೆ ಹೊಲಿಯುವವರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ, ಬೀದಿಯವರೆಲ್ಲ ಅವರನ್ನು ಟೈಲರಮ್ಮ ಎನ್ನುತ್ತಿದ್ದರು.

"ಎಲ್ಲಿಗ್ರೀ, ಭಾನುವಾರ?"

ಗುಡ್ಡ ಹತ್ತುತ್ತೇನೆ ಎಂದರೆ ನಗುತ್ತಾಳೆ ಎಂಬ ಭಯಕ್ಕೆ ಗುಮಾಸ್ತರು, "ಕಚೇರಿ ಕೆಲಸ" ಎಂದರು.

ಎರಡನೆಯ ಭಾನುವಾರ ಅದೇ ಪ್ರಶ್ನೆ ಬಂತು. ಈ ಸಲ ಸತ್ಯ ಹೇಳೋಣವೆಂದು, "ಗುಡ್ಡ ಹತ್ತೋಕೆ" ಎಂದರು.

ಹೊಲಿಗೆ ಯಂತ್ರ ನಿಂತಿತು. "ಹೋದ ವಾರ ಕಚೇರಿ, ಈ ವಾರ ಗುಡ್ಡ. ಕಚೇರೀನೇ ಗುಡ್ಡದ ಮೇಲಕ್ಕೆ ಹೋಯ್ತೇನೋ?"

ಮೂಲೆಯಲ್ಲಿ ಕೂತು ಗುಂಡಿ ಆರಿಸುತ್ತಿದ್ದ ಅತ್ತೆ ತಲೆ ಎತ್ತದೆಯೇ, "ನಮ್ಮ ಅಳಿಯಂದಿರು ಅಟ್ಟದ ಮೇಲಿನ ಪೆಟ್ಟಿಗೆ ತೆಗೆಯೋಕೆ ಸ್ಟೂಲ್ ಹತ್ತಿದ್ರೆ ಇಳಿಸೋಕೆ ಇಬ್ರು ಬೇಕು" ಎಂದರು. ಅತ್ತೆ ಯಾರ ಮೇಲೂ ಆರೋಪ ಮಾಡುವವರಲ್ಲ. ಸುಮ್ಮನೆ ಒಂದೊಂದು ಗುಂಡಿಯನ್ನು ಡಬ್ಬಿಗೆ ಹಾಕುವವರು.

ಆದರೆ ಗುಮಾಸ್ತರು ನಿಜಕ್ಕೂ ಹತ್ತುತ್ತಿದ್ದರು! ಅದೇ ಈ ಕಥೆಯ ದುರಂತ. ನೂರು ಹೆಜ್ಜೆಗೊಮ್ಮೆ ಕೂತು, ಕೂತಲ್ಲೆಲ್ಲ ಸಾಹೇಬರನ್ನು ನೆನೆದು, ಜಲಪಾತದ ಬಳಿ ತಲೆಸುತ್ತು ಬರದಿರಲೆಂದು ನೆಲವನ್ನೇ ನೋಡುತ್ತ ಒಂದೊಂದೇ ಹೆಜ್ಜೆ ಇಟ್ಟು, ಮಧ್ಯಾಹ್ನದ ಹೊತ್ತಿಗೆ ತುದಿ ಮುಟ್ಟಿ, ಸಂಜೆಗೆ ಇಳಿದು ಬರುತ್ತಿದ್ದರು. ಬಂದದ್ದಕ್ಕೆ ಸಾಕ್ಷಿಯೂ ಬೇಕಾದಷ್ಟಿತ್ತು. ಬೂಟಿನ ತುಂಬ ಕೆಸರು, ಪ್ಯಾಂಟಿನ ತುಂಬ ಹುಲ್ಲಿನ ಅಂಟುಬೀಜ. ಆದರೆ ಗಿರಾಕಿಗಳ ಬಟ್ಟೆ ಹರಡಿರುವ ಕೋಣೆಗೆ ಒಂದು ಬೀಜ ಬಿದ್ದರೂ ಹೆಂಡತಿಯ ಬಾಯಿಗೆ ಸಿಕ್ಕುವುದು ಯಾರು? ಹಾಗಾಗಿ ಅವರು ಕೆಳಗಿನ ತೊರೆಯಲ್ಲಿ ಬೂಟು ತೊಳೆದು, ಚಿಂದಿಯಲ್ಲಿ ಒರೆಸಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಪ್ಯಾಂಟಿನ ಬೀಜಗಳನ್ನು ಒಂದೊಂದಾಗಿ ಕಿತ್ತು ಕಿಟಕಿಯಿಂದಾಚೆ ಹಾಕಿ, ತಲೆ ಬಾಚಿಕೊಂಡು ಮನೆಗೆ ಬರುತ್ತಿದ್ದರು. ಹೆಂಡತಿಗೆ ಹೆದರಿ, ಹೆಂಡತಿಗೆ ತೋರಿಸಬೇಕಾದ ಪುರಾವೆಯನ್ನೆಲ್ಲ ತಮ್ಮ ಕೈಯಾರೆ ನಾಶ ಮಾಡಿದ ಗಂಡ ಮೂರು ಲೋಕದಲ್ಲಿ ಇವರೊಬ್ಬರೇ ಇರಬೇಕು.

ಬಟ್ಟೆಯ ಭಾಷೆ ಬಲ್ಲ ಟೈಲರಮ್ಮ ಪ್ಯಾಂಟಿನ ಅಂಚನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಹೋಗುವಾಗಿನದಕ್ಕಿಂತ ಬರುವಾಗ ಚೊಕ್ಕವಾಗಿದೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆ ಮಾತು ತೆರೆದ ಕಿಟಕಿಯಿಂದ ಹೊರಟು ಪಕ್ಕದ ಮನೆಗೆ ಹೋಯಿತು.

ಪಕ್ಕದ ಮನೆಯವರು ವಿಮೆ ಕಂಪನಿಯ ನಿವೃತ್ತ ತನಿಖೆದಾರರು. ಬಿದ್ದು ಕಾಲು ಮುರಿದುಕೊಂಡವರ ಹಾಸಿಗೆಯ ಪಕ್ಕ ಕೂತು, "ನಿಜವಾಗಿ ಬಿದ್ರಾ?" ಎಂದು ಕೇಳುವುದು ಮೂವತ್ತೊಂದು ವರ್ಷ ಅವರ ಕಸುಬು. ನಿವೃತ್ತರಾದ ಮೇಲೆ ಅವರ ಎದುರು ಯಾರೂ ಬಿದ್ದಿರಲಿಲ್ಲ. ಮನುಷ್ಯ ಸೊರಗಿಹೋಗಿದ್ದರು. ಈಗ ಮುಖದ ಮೇಲೆ ಮತ್ತೆ ರಕ್ತ ಆಡಿತು. ಮೂರನೆಯ ಭಾನುವಾರ ಸಂಜೆ ಗುಮಾಸ್ತರು ಕೈಕಾಲು ತೊಳೆಯಲು ಹೋದಾಗ, ಬಾಗಿಲಲ್ಲಿ ಬಿಟ್ಟಿದ್ದ ಬೂಟನ್ನು ಎತ್ತಿ ಮೂಸಿದರು.

"ಸೋಪಿನ ವಾಸನೆ ಇಲ್ಲ, ಮಣ್ಣಿನ ವಾಸನೆ ಇಲ್ಲ. ಯಾವ ವಾಸನೆಯೂ ಇಲ್ಲ ಟೈಲರಮ್ಮ. ನನ್ನ ಅನುಭವದಲ್ಲಿ ಇದು ಒಳ್ಳೇ ಲಕ್ಷಣ ಅಲ್ಲ."

"ಅಂದ್ರೆ ಸಾರ್?"

"ಅಂದ್ರೆ ಎಲ್ಲೋ ಯಾರೋ ಬೂಟು ತೊಳೆದು ಕೊಡ್ತಿದ್ದಾರೆ."

ಅತ್ತೆ ಒಂದು ಗುಂಡಿಯನ್ನು ಡಬ್ಬಿಗೆ ಹಾಕಿದರು. ಟಣ್ ಎಂದಿತು.

ನಾಲ್ಕನೆಯ ಭಾನುವಾರ ಕಳೆದ ಮೇಲೆ ಬುಧವಾರ ತನಿಖೆದಾರರು ವನಧಾಮಕ್ಕೆ ಖುದ್ದು ಹೋಗಿಬಂದರು. ಗೇಟಿನಲ್ಲಿ ಒಂದು ಪುಸ್ತಕ ಇಟ್ಟಿರುತ್ತಾರೆ. ಒಳಗೆ ಹೋಗುವವರು ಒಂದು ಸಹಿ, ಹೊರಗೆ ಬಂದವರು ಇನ್ನೊಂದು ಸಹಿ ಹಾಕಬೇಕು. ಹೊರಗಿನ ಸಹಿ ಇಲ್ಲದವರನ್ನು ಸಂಜೆ ಹುಡುಕಿಸುತ್ತಾರೆ. ಆ ಪುಸ್ತಕದಿಂದ ನಕಲು ಮಾಡಿಕೊಂಡ ಹಾಳೆಯನ್ನು ಅವರು ಟೈಲರಮ್ಮನ ಕತ್ತರಿ ಮೇಜಿನ ಮೇಲೆ ಬಿಡಿಸಿದರು. ಗುಮಾಸ್ತರು ಆಗತಾನೇ ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದರು.

"ಮೊದಲನೇ ಭಾನುವಾರ. ಒಳಗೆ, ಎಂಟು ಹತ್ತು. ಹೊರಗೆ, ಎಂಟು ಹತ್ತು." ಇಲ್ಲಿ ಒಂದು ನಿಲುಗಡೆ. ಕಾವ್ಯ ಓದುವವರಾಗಿದ್ದರೆ ಇಲ್ಲಿ ರಾಗ ಬದಲಿಸುತ್ತಿದ್ದರು. "ಎರಡನೇ ಭಾನುವಾರ. ಒಳಗೆ, ಎಂಟು ಹದಿನೈದು. ಹೊರಗೆ, ಎಂಟು ಹದಿನೈದು. ಮೂರನೇದೂ ಹಾಗೇ. ನಾಲ್ಕನೇದೂ ಹಾಗೇ. ಸಹಿ ಎರಡೂ ಗುಮಾಸ್ತರದೇ. ಟೈಲರಮ್ಮ, ನಿಮ್ಮ ಯಜಮಾನರು ಒಂದು ಕಾಲು ಒಳಗಿಟ್ಟು, ಅದೇ ಕಾಲು ಹೊರಗೆ ತೆಗೆದಿದ್ದಾರೆ. ಎಂಟು ಹತ್ತರಿಂದ ಸಂಜೆ ಆರರವರೆಗೆ ಎಲ್ಲಿದ್ರು?"

ಗುಮಾಸ್ತರಿಗೆ ಅರ್ಥವಾಯಿತು. ಇಪ್ಪತ್ತೆರಡು ವರ್ಷದ ಅಭ್ಯಾಸಬಲ. ಗೇಟಿನಲ್ಲಿ ಪುಸ್ತಕ ಕಂಡ ಕೂಡಲೇ ಕೈ ತಾನಾಗಿ ಎರಡೂ ಕಾಲಮ್ಮಿಗೆ ಸಹಿ ಎಳೆದಿತ್ತು. ಸಹಿ ಬಿದ್ದ ಕೂಡಲೇ ಗಡಿಯಾರ ನೋಡಿ ಪಕ್ಕದಲ್ಲಿ ಹೊತ್ತು ಬರೆಯಬೇಕೆಂಬುದು ಕಾವಲುಗಾರನಿಗೆ ಇದ್ದ ಆದೇಶ. ಆತ ಎರಡು ಸಹಿ ಕಂಡ, ಎರಡು ಸಲ ಗಡಿಯಾರ ನೋಡಿದ, ಎರಡು ಸಲ ಬರೆದ. ಮಧ್ಯಾಹ್ನ ಪಾಳಿ ಬದಲಾಗುತ್ತಿತ್ತು. ಎರಡನೆಯ ಕಾವಲುಗಾರ ಖಾಲಿ ಚೌಕಗಳನ್ನು ಮಾತ್ರ ನೋಡುವವನು. ತುಂಬಿದ ಚೌಕದ ಮನುಷ್ಯ ಸಂಜೆ ಎದುರಿಗೆ ಏದುಸಿರು ಬಿಡುತ್ತ ಹೋದರೂ ಅವನಿಗೆ ಲೆಕ್ಕವಿಲ್ಲ.

"ಅದು ಅಭ್ಯಾಸದಿಂದ ಆಗಿದ್ದು. ನಾನು ಒಳಗೇ ಇದ್ದೆ!"

"ಪುಸ್ತಕ ಸುಳ್ಳು ಅಂತೀರಾ ಗುಮಾಸ್ತರೇ?"

ಪುಸ್ತಕ ಸುಳ್ಳು ಎಂದರೆ ಆ ಟೈಪಿಸ್ಟನ ಮುಖ ಹೇಗೆ ನೋಡುವುದು? ಗುಮಾಸ್ತರು ಹೆಂಡತಿಯ ಕಡೆ, ಅತ್ತೆಯ ಕಡೆ, ನೂಲುಂಡೆಗಳ ಕಡೆ ನೋಡಿ ಕೊನೆಗೆ, "ಪುಸ್ತಕ... ಸುಳ್ಳು ಅಂತ ಹೇಗೆ ಹೇಳಲಿ?" ಎಂದರು.

"ಒಪ್ಪಿಕೊಂಡ್ರು" ಎಂದು ತನಿಖೆದಾರರು ಬರೆದುಕೊಂಡರು.

ಟೈಲರಮ್ಮ ಕೂಗಾಡಲಿಲ್ಲ. ಅಳಲೂ ಇಲ್ಲ. ಅಳತೆ ಪಟ್ಟಿಯನ್ನು ಕುತ್ತಿಗೆಯಿಂದ ತೆಗೆದು ಬೆರಳಿಗೆ ಸುತ್ತುತ್ತ, "ಬರೋ ಭಾನುವಾರ ನಾನೂ ಬರ್ತೀನಿ. ದಾರಿ ನೀವೇ ತೋರಿಸಿ. ನಾಲ್ಕು ಸಲ ಹತ್ತಿದೋರಿಗೆ ದಾರಿ ಗೊತ್ತಿರುತ್ತೆ. ಗೊತ್ತಿಲ್ಲ ಅಂದ್ರೆ ಸೋಮವಾರ ಅಮ್ಮನೂ ನಾನೂ ಹೊರಡ್ತೀವಿ. ಯಂತ್ರ ಹೇಗೂ ನನ್ನದೇ" ಎಂದರು. ಗುಮಾಸ್ತರು ಬಿಟ್ಟ ಚಪ್ಪಲಿಯನ್ನು ಮತ್ತೆ ಹಾಕಿಕೊಂಡರು.

"ಸಾಕ್ಷಿಗೆ ನಾನು ಬರ್ತೀನಿ" ಎಂದರು ತನಿಖೆದಾರರು, ಯಾರೂ ಕರೆಯದಿದ್ದರೂ.

ಭಾನುವಾರ ಎಂಟು ಗಂಟೆಗೆ ನಾಲ್ವರೂ ಗೇಟಿನಲ್ಲಿ ಇಳಿದರು. ಅತ್ತೆ ಮೇಲೆ ಹತ್ತುವವರಲ್ಲ. ಅವರನ್ನು ಗೇಟಿನ ಪಕ್ಕದ ಬೆಂಚಿನ ಮೇಲೆ ಕೂರಿಸಿ, ಬೆನ್ನಿಗೆ ಚೀಲ ಒತ್ತುಕೊಡಲು ಕಾವಲುಗಾರ ಎದ್ದುಹೋದ. ಇತ್ತ ಗುಮಾಸ್ತರು ಪುಸ್ತಕದ ಮುಂದೆ ನಿಂತರು. 'ಒಳಗೆ' ಚೌಕದಲ್ಲಿ ಸಹಿ ಬಿತ್ತು. ಪೆನ್ನು ಮೆಲ್ಲಗೆ 'ಹೊರಗೆ' ಚೌಕದ ಕಡೆ ಹೊರಟಿತು. ಟೈಲರಮ್ಮ ಗಂಡನ ಮಣಿಕಟ್ಟು ಹಿಡಿದು ಪೆನ್ನು ಕಿತ್ತುಕೊಂಡು, ಕೆಳಗೆ ತಮ್ಮ ಸಹಿ ಹಾಕಿದರು. ತನಿಖೆದಾರರು ರೆಪ್ಪೆ ಹೊಡೆಯದೆ ಇದನ್ನೆಲ್ಲ ನೋಡಿ, 'ಇಂದು ಸಹಿ ಒಂದೇ' ಎಂದು ತಮ್ಮ ನೋಟುಬುಕ್ಕಿನಲ್ಲಿ ಬರೆದುಕೊಂಡು, ಗೇಟಿನ ಪುಸ್ತಕವನ್ನು ತಾವೇ ಪಟ್ಟನೆ ಮುಚ್ಚಿ, "ನಡೀರಿ!" ಎಂದರು.

ಕಾಡು ಶುರುವಾಯಿತು. ವಿಚಾರಣೆಯೂ ಶುರುವಾಯಿತು.

"ಈ ತಿರುವು ದಾಟಿದ್ರೆ ಬಲಗಡೆ ಏನು ಕಾಣುತ್ತೆ ಗುಮಾಸ್ತರೇ?"

"ಗೊತ್ತಿಲ್ಲ."

ದಾಟಿದರು. ಬಲಗಡೆ ಇಡೀ ಕಣಿವೆ, ಅದರಾಚೆ ಏಳು ಸಾಲು ಬೆಟ್ಟ, ನಡುವೆ ಬೆಳ್ಳಿಯ ಹಾಗೆ ಒಂದು ಕೆರೆ. ತನಿಖೆದಾರರು ಅದರ ಕಡೆ ಕೈ ಚಾಚಿ ಟೈಲರಮ್ಮನ ಮುಖ ನೋಡಿದರು.

"ಇದು ಕಾಣಿಸಿಲ್ವಾ ನಾಲ್ಕು ಸಲ?"

"ನಾನು ಆ ಕಡೆ ನೋಡಿಲ್ಲ."

"ಈ ಕಾಡಲ್ಲಿ ಯಾವ ಹಕ್ಕಿ ಕೂಗುತ್ತೆ?"

"ನನ್ನ ಉಸಿರಿನ ಸದ್ದಲ್ಲಿ ಏನೂ ಕೇಳಿಸಿಲ್ಲ."

"ಜಲಪಾತ ಎಷ್ಟು ಕವಲಾಗಿ ಬೀಳುತ್ತೆ?"

"ಬೀಳುತ್ತೆ. ಅಷ್ಟು ಗೊತ್ತು."

ಗಂಡನಿಂದ ಎರಡು ಹೆಜ್ಜೆ ಹಿಂದಿದ್ದ ಟೈಲರಮ್ಮ ನಾಲ್ಕು ಹೆಜ್ಜೆ ಹಿಂದಾದರು, ನಾಲ್ಕು ಎಂಟಾಯಿತು. ಗುಮಾಸ್ತರು ತಿರುಗಿ ನೋಡಲೂ ಹೆದರಿ ನೆಲ ನೋಡುತ್ತ ನಡೆದರು.

ಜಲಪಾತ ಬಂತು. ಮೂರು ಕವಲು, ಎದೆ ನಡುಗಿಸುವ ಸದ್ದು. ನೀರಿಗೆ ಅಡ್ಡಲಾಗಿ ಕಲ್ಲಿನ ಮೇಲೆ ಕಲ್ಲು ದಾಟಿ ಹೋಗಬೇಕು. ಟೈಲರಮ್ಮ ಒಂದು ಕಾಲು ಎತ್ತಿದರು.

"ನಿಲ್ಲು!" ಎಂದರು ಗುಮಾಸ್ತರು. ಮನೆಯಲ್ಲಿ ಎಂದೂ ಬಾರದ ದನಿ. "ಆ ಮೂರನೇ ಕಲ್ಲು ಅಲ್ಲಾಡುತ್ತೆ, ಅದನ್ನ ಬಿಡು. ಎಡಕ್ಕೆ ಚಪ್ಪಟೆ ಕಲ್ಲು, ಅದರ ಮೇಲೆ ಬಿಳೀ ಗೀಟು ಇದೆ, ಸೀಮೆಸುಣ್ಣದ ಗುರುತಿನ ಹಾಗೆ. ಅಲ್ಲಿಂದ ಆಚೆ ದಡದಲ್ಲಿ ಒಂದು ಬೇರು, ನಿನ್ನ ಯಂತ್ರದ ಪೆಡಲಿನ ಹಾಗೆ ಬಾಗಿದೆ. ಎಡಗಾಲು ಅದರ ಮೇಲಿಡು. ಬಲಗಾಲು ಬೇಡ, ಜಾರುತ್ತೆ."

ಟೈಲರಮ್ಮ ಚಪ್ಪಟೆ ಕಲ್ಲಿನ ಮೇಲೆ ಕಾಲಿಟ್ಟರು. ಬಿಳೀ ಗೀಟು ಇತ್ತು. ಆಚೆ ದಡದಲ್ಲಿ ಬೇರೂ ಇತ್ತು. ಪೆಡಲೇ.

"ಇದೆಲ್ಲ ಮೊದಲೇ ಹೇಳಿಕೊಟ್ಟ ಪಾಠ. ಯಾರೋ ಹೇಳಿಕೊಟ್ಟಿದ್ದಾರೆ" ಎನ್ನುತ್ತ ತನಿಖೆದಾರರು ಮೂರನೆಯ ಕಲ್ಲನ್ನು ಪರೀಕ್ಷಿಸಲು ಅದರ ಮೇಲೆಯೇ ನಿಂತರು. ಮರುಗಳಿಗೆ ಸೊಂಟದವರೆಗೆ ನೀರಿನಲ್ಲಿ ಕೂತಿದ್ದರು. ನೋಟುಬುಕ್ಕು ಮಾತ್ರ ತಲೆಯ ಮೇಲೆ ಎತ್ತಿ ಹಿಡಿದಿದ್ದರು.

ಟೈಲರಮ್ಮ ದಡದಿಂದ ಬಾಗಿ, ಬಹಳ ಮರ್ಯಾದೆಯಿಂದ, "ಸಾರ್, ನಿಜವಾಗಿ ಬಿದ್ರಾ?" ಎಂದು ಕೇಳಿದರು.

ಅಲ್ಲಿಂದ ಮೇಲೆ ಎಂಟು ಹೆಜ್ಜೆಯ ಅಂತರ ಎರಡಕ್ಕೆ ಇಳಿಯಿತು. ಗುಮಾಸ್ತರು ನೆಲ ನೋಡುತ್ತ ಹೇಳುತ್ತಿದ್ದರು: ಇಲ್ಲಿ ಇರುವೆ ಸಾಲು ದಾಟು, ಇಲ್ಲಿ ಒಂದು ಕಲ್ಲು ನಮ್ಮ ಕಚೇರಿಯ ಮೊಹರಿನ ಹಾಗಿದೆ, ಇಲ್ಲಿ ಕೂತ್ಕೋ, ನಾನು ಇಲ್ಲೇ ಕೂರೋದು. ಹೇಳಿದ್ದೆಲ್ಲ ಇತ್ತು. ಆಕಾಶದ ಕಡೆಯದು ಒಂದೂ ಗೊತ್ತಿಲ್ಲದ, ನೆಲದ ಕಡೆಯದು ಒಂದೂ ತಪ್ಪದ ಇಂಥ ಮಾರ್ಗದರ್ಶಕನನ್ನು ಆ ಗುಡ್ಡ ಹಿಂದೆ ಕಂಡಿರಲಾರದು.

ಎಲ್ಲ ಸರಿಹೋಯಿತು ಎನ್ನುವ ಹೊತ್ತಿಗೆ ತುದಿ ಬಂತು. ತುದಿಯಲ್ಲಿ ಕಲ್ಲುಗುಪ್ಪೆ, ಗುಪ್ಪೆಗೆ ಸರಪಳಿಯಿಂದ ಬಿಗಿದ ತಗಡಿನ ಡಬ್ಬಿ, ಡಬ್ಬಿಯೊಳಗೆ ಹತ್ತಿದವರು ಹೆಸರು ಬರೆಯುವ ಇನ್ನೊಂದು ಪುಸ್ತಕ. ಅದನ್ನು ಕಂಡದ್ದೇ ಗುಮಾಸ್ತರ ಮುಖ ಬಿಳಿಚಿಕೊಂಡಿತು. "ಅದನ್ನ ಈಗ ಯಾಕೆ ತೆಗೀತೀರಿ? ಗಾಳಿ ಜಾಸ್ತಿ, ಹಾಳೆ ಹಾರುತ್ತೆ" ಎಂದು ಅಡ್ಡ ನಿಂತರು. ಮೂವತ್ತೊಂದು ವರ್ಷದ ಅನುಭವಸ್ಥರಿಗೆ ಇಷ್ಟು ಸಾಲದೇ? ತೊಟ್ಟಿಕ್ಕುವ ಬಟ್ಟೆಯಲ್ಲೇ ನುಗ್ಗಿ ಡಬ್ಬಿ ತೆಗೆದರು. ಹಾಳೆ ತಿರುವಿದರು. ಕಣ್ಣು ಅಗಲವಾಯಿತು.

"ಸಿಕ್ಕಿಬಿದ್ರು!"

"ಏನ್ ಸಾರ್?"

"ಹತ್ತಿದ್ದು ನಿಜ ಟೈಲರಮ್ಮ. ನಾಲ್ಕು ಭಾನುವಾರವೂ ಹತ್ತಿದ್ದಾರೆ. ಆದರೆ ಒಬ್ಬರೇ ಅಲ್ಲ! 'ಜೊತೆಗೆ ಬಂದವರು' ಅನ್ನೋ ಕಾಲಮ್ಮಿನಲ್ಲಿ ನೋಡಿ. 'ಪತ್ನಿ.' ನಾಲ್ಕು ಸಲವೂ 'ಪತ್ನಿ'. ಪಕ್ಕದಲ್ಲಿ ಹೆಂಗಸಿನ ಸಹಿ. ನೀವೋ ನಾಲ್ಕು ಭಾನುವಾರವೂ ಮನೇಲಿ ಹೊಲೀತಾ ಕೂತಿದ್ರಿ, ನಾನೇ ಕಣ್ಣಾರೆ ನೋಡಿದ್ದೀನಿ. ಹಾಗಾದ್ರೆ ಈ ಪತ್ನಿ ಯಾರು?"

ಟೈಲರಮ್ಮ ಗಂಡನ ಕಡೆ ನೋಡಿದ ನೋಟಕ್ಕೆ ಕಲ್ಲುಗುಪ್ಪೆಯೂ ಒಂದಿಂಚು ಕುಸಿದಿರಬೇಕು.

"ಯಾರ್ರೀ ಅದು?"

ಗುಮಾಸ್ತರು ಅಪರಾಧಿಯ ಹಾಗೆ ಕೈ ಕಟ್ಟಿಕೊಂಡರು. "ನೀನೇ. ನಾನೇ ನಿನ್ನ ಸಹಿ ಹಾಕಿದ್ದು. ಪ್ರಾಕ್ಸಿ." ಒಬ್ಬರ ಸಹಿ ಇನ್ನೊಬ್ಬರು ಹಾಕಿದ್ದಕ್ಕೆ ಎಷ್ಟು ಜನರಿಗೆ ನೋಟೀಸು ಕೊಟ್ಟಿದ್ದರೋ!

"ಯಾಕೆ?"

"ಕಾಲಮ್ಮು ಖಾಲಿ ಬಿಡೋಕೆ ಕೈ ಬರಲಿಲ್ಲ."

"ಅಷ್ಟೇನಾ?"

"ಮತ್ತೆ... ಒಬ್ಬನೇ ಬಂದೆ ಅಂತ ಬರೆದ್ರೆ ಯಾರಾದ್ರೂ ಅನುಮಾನ ಪಟ್ಟಾರು ಅಂತ."

ತನಿಖೆದಾರರು ಗಹಗಹಿಸಿದರು. "ಕೇಳಿ! ಕಟ್ಟುಕಥೆ! ಇವರೇ ಹಾಕಿದ್ದಂತೆ! ಹಾಗಾದ್ರೆ 'ಅಭಿಪ್ರಾಯ' ಕಾಲಮ್ಮಿನಲ್ಲಿ ಆ ಹೆಂಗಸು ಬರೆದಿದ್ದಾಳಲ್ಲ, ಅದೂ ನೀವೇನಾ?"

"ಕೊಡಿ ಇಲ್ಲಿ" ಎಂದು ಟೈಲರಮ್ಮ ಪುಸ್ತಕ ಕಿತ್ತುಕೊಂಡು ತಾವೇ ಓದಿದರು. ಮೊದಲು ಗಟ್ಟಿಯಾಗಿ.

"'ಇಷ್ಟು ದೂರ ಬರೋ ಅಗತ್ಯ ಏನಿತ್ತು?'" ಅದು ಮೊದಲ ವಾರದ್ದು. "'ಗಾಳಿ ಜಾಸ್ತಿ ಇರುತ್ತೆ, ಶಾಲು ತಗೊಳ್ಳಿ ಅಂದಿದ್ದೆ. ಕೇಳಲಿಲ್ಲ.'" ಅದು ಎರಡನೆಯದು. ಮೂರನೆಯದಕ್ಕೆ ದನಿ ಸಣ್ಣದಾಯಿತು. "'ಡಬ್ಬಿ ಮುಚ್ಚಳ ಸರಿಯಾಗಿ ಹಾಕಲ್ಲ, ಚೀಲ ಎಲ್ಲ ಒದ್ದೆ.'" ನಾಲ್ಕನೆಯದನ್ನು ಬಾಯಲ್ಲೇ ಓದಿಕೊಂಡರು: 'ನೋಟ ಪರವಾಗಿಲ್ಲ. ಮನೇಲಿ ಕೆಲಸ ಬಿದ್ದಿದೆ, ಬೇಗ ಇಳೀರಿ.'

ಹಾಳೆಯನ್ನು ಹಿಂದಕ್ಕೆ ತಿರುವಿ ಮೂರನೆಯದರ ಮೇಲೆ ಬೆರಳಿಟ್ಟರು.

"ಈ ಮುಚ್ಚಳದ ಮಾತು ನಾನು ಯಾವಾಗ ಹೇಳಿದ್ದು?"

"ಅವತ್ತು ಬೆಳಗ್ಗೆ. ನಾನು ಬೂಟು ಹಾಕ್ಕೊಳ್ಳುವಾಗ. ನೀನು ಕಾಜಾ ಹೊಲೀತಿದ್ದೆ."

"ಕೇಳಿಸ್ಕೊಂಡ್ರಾ ನೀವು? ನಾನು ಗೋಡೆಗೆ ಹೇಳ್ತಿದ್ದೀನಿ ಅಂದ್ಕೊಂಡಿದ್ದೆ."

"ಎಲ್ಲಾ ಕೇಳಿಸುತ್ತೆ. ಇಲ್ಲಿ ಬಂದ ಮೇಲೆ ನೀನಿದ್ದಿದ್ರೆ ಏನು ಹೇಳ್ತಿದ್ದೆ ಅಂತ ಯೋಚನೆ ಮಾಡಿ ಬರೀತಿದ್ದೆ. ಬರೀದೆ ಇದ್ರೆ ಬಂದ ಹಾಗೇ ಅನ್ನಿಸ್ತಿರಲಿಲ್ಲ."

"ಇನ್ನೊಬ್ಬ ಹೆಂಗಸೂ ಹೀಗೇ ಮಾತಾಡಬಹುದು" ಎಂದರು ತನಿಖೆದಾರರು, ಕೊನೆಯ ಪ್ರಯತ್ನವಾಗಿ.

"ಆಡಲಿ ನೋಡೋಣ" ಎಂದರು ಟೈಲರಮ್ಮ.

ಆ ಮಾತಿನಲ್ಲಿ ಏನಿತ್ತೋ, ತನಿಖೆದಾರರು ಬಟ್ಟೆ ಹಿಂಡಿಕೊಳ್ಳುವ ನೆಪದಲ್ಲಿ ಪುಸ್ತಕ ತೆಗೆದುಕೊಂಡು ಪಕ್ಕಕ್ಕೆ ಸರಿದು ಅದರ ಹಳೆಯ ಹಾಳೆಗಳನ್ನು ತಿರುವತೊಡಗಿದರು. ಬರಿಗೈಯಲ್ಲಿ ಇಳಿಯುವುದು ಅವರ ಜಾಯಮಾನವಲ್ಲ. "ನಿಮ್ಮ ಸಾಹೇಬರೂ ಪ್ರತಿ ವಾರ ಬರ್ತಾರೆ ಅಂತ ಬಸ್ಸಿನಲ್ಲಿ ಅಂದ್ರಲ್ಲ? ಎರಡು ವರ್ಷದ ಹಾಳೆ ನೋಡಿದೆ. ಅವರ ಹೆಸರೇ ಇಲ್ಲ."

"ಪುಸ್ತಕದಲ್ಲಿ ಇಲ್ವಾ?"

"ಇಲ್ಲ."

ಗುಮಾಸ್ತರ ಬೆನ್ನು ಐದು ವಾರದಲ್ಲಿ ಮೊದಲ ಸಲ ನೆಟ್ಟಗಾಯಿತು. "ಹಾಗಾದ್ರೆ ಇಲ್ಲ" ಎಂದರು.

ಟೈಲರಮ್ಮ ಪುಸ್ತಕವನ್ನೂ ಪೆನ್ನನ್ನೂ ಕೇಳಿ ತೆಗೆದುಕೊಂಡು, ಆ ದಿನದ ಸಾಲಿನಲ್ಲಿ ಗಂಡನ ಹೆಸರು ಬರೆದು, ಪಕ್ಕದಲ್ಲಿ ತಮ್ಮ ಸ್ವಂತ ಸಹಿ ಹಾಕಿದರು. ಅಭಿಪ್ರಾಯದ ಚೌಕದಲ್ಲಿ ಹೀಗೆ ಬರೆದರು: 'ಹಿಂದಿನ ನಾಲ್ಕೂ ಹಾಜರಿ ಸರಿಯಾಗಿದೆ. ಶಾಲು ಇವತ್ತೂ ತಂದಿಲ್ಲ.' ಆಮೇಲೆ ಗಂಡನ ಗದ್ದ ಹಿಡಿದು ಎತ್ತಿ, "ಈಗಲಾದ್ರೂ ಆ ಕಡೆ ನೋಡ್ರೀ" ಎಂದು ಕಣಿವೆ ತೋರಿಸಿದರು. ಗುಮಾಸ್ತರು ನೋಡಿದರು. ತಲೆ ಸುತ್ತಿತು. ಹೆಂಡತಿಯ ತೋಳು ಹಿಡಿದುಕೊಂಡೇ ಇನ್ನೊಮ್ಮೆ ನೋಡಿದರು.

ಸಂಜೆ ಐದೂವರೆಗೆ ಮೂವರೂ ಗೇಟಿಗೆ ಇಳಿದು ಬಂದರು. ಪಾಳಿ ಬದಲಾಗಿ ಎರಡನೆಯ ಕಾವಲುಗಾರ ಕೂತಿದ್ದ. ಗುಮಾಸ್ತರು ಸಂಜೆ ಸಹಿ ಹಾಕುವುದು ಜನ್ಮದಲ್ಲಿ ಇದೇ ಮೊದಲು. ಟೈಲರಮ್ಮನೂ ಹಾಕಿದರು. ತನಿಖೆದಾರರು ಪೆನ್ನಿಗೆ ಕೈ ಚಾಚಿದರು.

"ನಿಮ್ಮ ಹೆಸರು ಇದರಲ್ಲಿ ಇಲ್ಲವಲ್ಲ ಯಜಮಾನ್ರೇ" ಎಂದ ಕಾವಲುಗಾರ. "ಒಳಗೆ ಹೋದ ಸಹಿ ಇಲ್ಲ. ಒಳಗೇ ಹೋಗದೋರು ಹೊರಗೆ ಹೇಗೆ ಬರ್ತೀರಿ? ಬೇಲಿ ಹಾರಿ ಬಂದೋರನ್ನ ವನಪಾಲಕರ ಕೋಣೆಗೆ ಕರ್ಕೊಂಡು ಹೋಗಬೇಕು."

"ಬೆಳಗ್ಗೆ ಇವರ ಜೊತೆಗೇ ಬಂದೆನಪ್ಪಾ! ಆ ಅಮ್ಮನ್ನ ಕೇಳು, ಬೆಳಗ್ಗೆಯಿಂದ ಇಲ್ಲೇ ಕೂತಿದ್ದಾರೆ!"

ಅತ್ತೆ ಬೆಂಚಿನಿಂದ, ಇನ್ನೂ ಒದ್ದೆಯಾಗಿದ್ದ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬೆಳಗ್ಗೆ ಬಂದೋರು ಒಣಗಿದ ಬಟ್ಟೆ ಹಾಕ್ಕೊಂಡಿದ್ರು" ಎಂದರು.

ಕಾವಲುಗಾರನ ಅನುಮಾನ ಇಮ್ಮಡಿಯಾಯಿತು. ಗುಮಾಸ್ತರ ಕಡೆ ತಿರುಗಿ, "ಸಾರ್, ನೀವು ದೊಡ್ಡೋರು, ಪುಸ್ತಕದಲ್ಲಿ ಇರೋರು. ನೀವೇ ಹೇಳಿ. ಇವರು ನಿಮಗೆ ಗೊತ್ತಾ?" ಎಂದು ಕೇಳಿದ.

ಗುಮಾಸ್ತರು ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಬೆರಳಿಟ್ಟು ಒಂದೊಂದೇ ಸಾಲು ಮೇಲಿನಿಂದ ಕೆಳಗೆ ಓದಿದರು. ಮತ್ತೊಮ್ಮೆ ಕೆಳಗಿನಿಂದ ಮೇಲೆ ಓದಿದರು. ಪುಸ್ತಕ ಮುಚ್ಚಿದರು. ಆಮೇಲೆ ತನಿಖೆದಾರರ ಬೂಟಿನ ಕಡೆ ಬಾಗಿ ಒಂದು ಸಲ ಮೂಸಿದರು.

"ಎಲ್ಲೋ ನೋಡಿದ ಮುಖದ ಹಾಗಿದೆ" ಎಂದರು. "ಆದ್ರೆ ಖಚಿತವಾಗಿ ಹೇಳೋಕಾಗಲ್ಲ."